ಎರಡು ಸಲ ಓ

ತವರಿನವರು ಅಳಿಯನ ಹೆಸರು ಕೊರೆಸಿ ಮದುವೆಯಲ್ಲಿ ಕೊಟ್ಟಿದ್ದ ತಾಮ್ರದ ಕೊಡ ಹುಮನಾಬಾದಿನ ಓಣಿ ಬಾವಿಗೆ ಬಿದ್ದಾಗಿನಿಂದ ಕಸ್ತೂರಿಬಾಯಿಗೆ ಚಹಾ ಕೂಡ ಗಂಟಲಲ್ಲಿ ಇಳಿದಿರಲಿಲ್ಲ. ಗಂಡ ಹಗ್ಗಕ್ಕೆ ಕೊಕ್ಕೆಗಳ ಪಾತಾಳಗರಡಿ ಕಟ್ಟಿ ಬಿಟ್ಟು ಬಿಟ್ಟು, ಬರೀ ಕೆಸರು ಎತ್ತಿ, ಈಗ ಬಾವಿಕಟ್ಟೆಗೆ ಒರಗಿ ತೂಕಡಿಸುತ್ತಿದ್ದರು.

ಆಗ ಬಂದಳು ನೆರೆಮನೆಯ ಮಹಜಬೀನ್, ಕೆರೆಗಳ ಸಮೀಕ್ಷೆ ಮಾಡುವವಳು. ಬಸವಕಲ್ಯಾಣದ ಕೆರೆಯ ತಳ ನೋಡಲೆಂದು ತಂದಿದ್ದ ಸೋನಾರ್ ಯಂತ್ರವನ್ನು ಬಾವಿಗಿಳಿಸಿದಳು.

“ಇದು ನೀರಾಗ ಸಪ್ಪಳ ಮಾಡಿ ಕರೀತದ ಆಯಿ. ಗಟ್ಟಿ ಕಲ್ಲಾದ್ರ ಒಮ್ಮೆ ಓ ಅಂತದ. ಟೊಳ್ಳು ಕೊಡ ಆದ್ರ ಮ್ಯಾಲಿಂದೊಮ್ಮೆ ತಳದಿಂದೊಮ್ಮೆ, ಎರಡು ಸಲ ಓ ಅಂತದ.”

ಪರದೆಯ ಮೇಲೆ ಎಲ್ಲೆಲ್ಲೂ ಒಂಟಿ ಗೆರೆ, ಬರೀ ಕಲ್ಲು. ಕೊನೆಗೆ ಒಂದು ಮೂಲೆಯಲ್ಲಿ ಜೋಡಿ ಗೆರೆ ಮೂಡಿತು. ಅವಳು ಅಲ್ಲಿಗೇ ಪಾತಾಳಗರಡಿ ಬಿಟ್ಟರೆ ಕೊಡ ಮೇಲೆ ಬಂತು!

ಮಹಜಬೀನ್ ಅದನ್ನು ಅಪ್ಪಿ ಹಿಡಿದಳು. “ಇದರ ಮ್ಯಾಲ ಒಂದು ಹೆಸರು ಕೊರದಾರ. ಯಾರದಂತ ಹೇಳ್ರಿ, ಕೊಡ ಒಯ್ರಿ.”

ಕಸ್ತೂರಿಬಾಯಿ ಕೆಂಪಾದಳು. ಮದುವೆ ದಿನ ಹೇಳಿದ್ದು ಬಿಟ್ಟರೆ ಗಂಡನ ಹೆಸರು ಅವಳ ಬಾಯಿಂದ ಹೊರಟದ್ದೇ ಇಲ್ಲ. ಆದರೆ ಕೊಡ ಬೇಕಲ್ಲ! ಸೆರಗು ಸರಿಮಾಡಿಕೊಂಡು, ಗಂಡನ ಹೆಸರು ಪ್ರಾಸದಲ್ಲಿ ಹೆಣೆದು ಒಡಪು ಕಟ್ಟಿದಳು:

“ಬಾವ್ಯಾಗ ಬಿದ್ದ ಕೊಡ ಬಂತು ಥಳಥಳ,
ಮಹಾರುದ್ರಪ್ಪನವರ ಹೆಸರು ಹೇಳಾಕ ಯಾತರ ಕಳವಳ!”

ಮಹಾರುದ್ರಪ್ಪ ಬೆಚ್ಚಿ ಕಣ್ಣುಬಿಟ್ಟು, “ಓ!” ಎಂದರು. ಕರೆದವರು ಯಾರೆಂದು ತಿಳಿದ ಮೇಲೆ ಮುಖವೆಲ್ಲ ಅರಳಿ ಇನ್ನೊಮ್ಮೆ, “ಓ!”

“ಎರಡು ಸಲ ಓ ಅಂದ್ರು ನೋಡವ್ವ,” ಕಸ್ತೂರಿಬಾಯಿ ಬಿದ್ದುಬಿದ್ದು ನಕ್ಕಳು, “ಇವರೂ ಟೊಳ್ಳೇ ಅದಾರ!”