ಎಡಗಾಲಿನ ಲಾಳ

"ಕುದುರೆ ಬಂದು ಸಾಕ್ಷಿ ಹೇಳ್ತದೇನಯ್ಯಾ?"

ದೂರು ಕೇಳುತ್ತಿದ್ದ ಅಧಿಕಾರಿ ಹೀಗೆಂದದ್ದೇ ತಡ, ಕಚೇರಿಯಲ್ಲಿದ್ದ ಬಿಳಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಪಕ್ಕದ ಕುರ್ಚಿಯಲ್ಲೇ ಮೇಜರ್ ಹಾಲ್ಕಂಬ್ ಕಾಲ ಮೇಲೆ ಕಾಲು ಹಾಕಿ ಚುಟ್ಟಾ ಸೇದುತ್ತಿದ್ದ. ನನ್ನ ಗಂಡ ಟೈಟಸ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಚಾಟಿಯೇಟಿನ ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು.

"ಹೊಡ್ದೋರ ಮೊಕ ನೋಡ್ದಾ ಇಲ್ವಾ, ಅಷ್ಟ್ ಹೇಳು."

"ಮೊಕಕ್ಕೆ ಮುಸುಕು ಹಾಕಿದ್ರು ಸ್ವಾಮಿ. ಕುದುರೆಗೂ ದುಪ್ಪಟಿ ಹೊದ್ಸಿದ್ರು. ಆದ್ರೆ ಅದರ ಕಾಲು ಮುಚ್ಚಿರ್ನಿಲ್ಲ. ಮುಂದಿನ ಎಡಗಾಲಿನ ಲಾಳ ನಾನೇ ಹೊಡ್ದಿದ್ದು. ಗೊರಸು ಸೀಳಿತ್ತು ಅಂತ ಬಳೆ ಥರ ಸುತ್ತ ಮುಚ್ಚಿ ಮಾಡಿದ್ದೆ. ಈ ಸೀಮೆಗೆಲ್ಲ ಅಂಥದ್ದು ಅದೊಂದೇ."

"ಯಾರ್ದು ಕುದುರೆ?"

ಟೈಟಸ್ ಬೆರಳು ಮಾಡಿ ಮೇಜರ್‌ನನ್ನು ತೋರಿಸಿದ. ನಗು ನಿಂತಿತು. ಅಧಿಕಾರಿ ಮೇಜರ್‌ನ ಕಡೆ ನೋಡಿದ, ಆಮೇಲೆ ಗುಮಾಸ್ತನ ಕಡೆ ತಿರುಗಿದ. "ಮೊಕ ನೋಡಿಲ್ಲ. ಅಷ್ಟೇ ಬರ್ಕೊ."

ಈ ಮುಸುಕಿನವರದ್ದು ಗುಪ್ತ ಸಂಘವಂತೆ! ಯಾರಿಗೆ ಗುಪ್ತ? ಅವರ ದುಪ್ಪಟಿ ಒಗೆಯುವವಳಿಗೆ ಗೊತ್ತು, ಅವರಿಗೆ ರೊಟ್ಟಿ ಸುಡುವವಳಿಗೆ ಗೊತ್ತು, ಲಾಳ ಕಟ್ಟುವವನಿಗೆ ಗೊತ್ತು. ಗೊತ್ತಿಲ್ಲದ್ದು ಬರೆದುಕೊಳ್ಳುವವನಿಗೆ ಮಾತ್ರ. ಟೈಟಸ್ ಮಾಡಿದ ತಪ್ಪು, ಯುದ್ಧ ಮುಗಿದು ನಮ್ಮ ಗುಲಾಮಗಿರಿ ಹೋದ ಮೇಲೆ ಓಟು ಹಾಕಿದ್ದು. ಅದಕ್ಕೆ ಮನೆ ಮುಂದಿನ ಮರಕ್ಕೆ ಕಟ್ಟಿ ಹೊಡೆದರು. "ನಾವು ಯುದ್ಧದಲ್ಲಿ ಸತ್ತ ಸಿಪಾಯಿಗಳು, ನರಕದಿಂದ ಎದ್ದು ಬಂದಿದೀವಿ" ಎಂದು ನನ್ನ ಕೈಯಿಂದ ಒಂದು ಬಕೆಟ್ ನೀರು ಇಸಿದುಕೊಂಡು ಒಬ್ಬ ಗಟಗಟ ಕುಡಿದ. ಅರ್ಧ ನೀರು ನಿಲುವಂಗಿಯ ಒಳಗೆ ಅಡಗಿಸಿಟ್ಟ ಚರ್ಮದ ಚೀಲಕ್ಕೆ ಹೋಗುತ್ತಿತ್ತು. ನನಗೆ ಕಂಡಿತು. ಥೂ, ದೆವ್ವಕ್ಕೆ ಲಾಳ ಯಾಕ್ರೋ, ಮುಂಡೇಮಕ್ಳಾ!

ಕಚೇರಿಗೆ ಹೋಗಿ ಬಂದ ಮೂರನೆಯ ಬೆಳಿಗ್ಗೆ ಮೇಜರ್ ಅದೇ ಕುದುರೆ ಹೊಡೆದುಕೊಂಡು ನಮ್ಮ ಕುಲುಮೆಗೆ ಬಂದ. ಊರಿಗೆಲ್ಲ ಲಾಳ ಕಟ್ಟುವವನು ಟೈಟಸ್ ಒಬ್ಬನೇ. ಹೆಣ್ಣು ಕುದುರೆ, ಪಾಪ, ಟೈಟಸ್‌ನನ್ನು ಕಂಡೊಡನೆ ಅವನ ಭುಜಕ್ಕೆ ಮೂತಿ ಒರೆಸಿತು.

"ಆ ಲಾಳ ಕಿತ್ತು ನನ್ ಕೈಗ್ ಕೊಡ್ಲಾ. ಎಲ್ಲ ಕುದುರೆಗಿರೋ ಅಂಥದ್ದೇ ಹೊಡಿ."

"ಗೊರಸು ಇನ್ನೂ ಕೂಡಿಲ್ಲ ಧಣಿ. ಬ್ಯಾರೆ ಲಾಳ ಹೊಡುದ್ರೆ ಕುಂಟಾಗ್ತದೆ."

"ಕುಂಟಾದ್ರೆ ಆಗ್ಲಿ. ನಿನ್ನ ಕೇಳಿದ್ನೇನ್ಲಾ, ಕರಿ ಬಡ್ಡೀಮಗ್ನೆ?"

ಟೈಟಸ್ ಕೆಲಸಕ್ಕೆ ಬಗ್ಗಿದಾಗ ಬೆನ್ನಿನ ಗಾಯ ಬಿರಿದು ಅಂಗಿ ಒದ್ದೆಯಾಯಿತು. ಒಂದೊಂದೇ ಮೊಳೆ ಕಿತ್ತ. ಮೇಜರ್ ಕೈ ಚಾಚಿದ. ಟೈಟಸ್ ಕೊಡಲಿಲ್ಲ. ಲಾಳವನ್ನು ಒಂದು ಕೈಯಲ್ಲಿ, ಸುತ್ತಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಕುಲುಮೆಯಿಂದ ಹೊರಬಿದ್ದ.

"ಬ್ಯಾಡ ಕಣೋ, ಸಾಯಿಸ್ತಾರೆ!" ಎಂದು ಕೂಗಿದೆ.

"ಮೊಳೆ ತಗೊಂಡ್ ಬಾಮ್ಮಿ" ಎಂದ.

ಅಷ್ಟೇ ಹೇಳಿದ್ದು. ನನ್ನ ಸಿಟ್ಟೂ ನೆತ್ತಿಗೇರಿತ್ತು. ಉಡಿಯಲ್ಲಿ ಮೊಳೆ ತುಂಬಿಕೊಂಡು ಅವನ ಹಿಂದೆ ಓಡಿದೆ. ಮೇಜರ್ ಕುದುರೆ ಹತ್ತಿದ. ಅದು ಎಡಗಾಲು ನೆಲಕ್ಕೂರಲೊಲ್ಲದೆ ನಿಂತುಬಿಟ್ಟಿತು. ಅವನು ಇಳಿದು, ಬಾಯಿಗೆ ಬಂದಂತೆ ಬೈಯುತ್ತ ಕೆಸರಿನಲ್ಲಿ ನಡೆದೇ ಬರಬೇಕಾಯಿತು.

ಸಂತೆಯ ದಿನ. ಬೀದಿಯ ತುಂಬ ನಮ್ಮವರು, ಹತ್ತಿಯ ಗಾಡಿಗಳು. ಟೈಟಸ್ ಕಚೇರಿಯ ಬಾಗಿಲಿಗೆ ಲಾಳವನ್ನಿಟ್ಟು ಮೊದಲನೆಯ ಮೊಳೆ ಹೊಡೆದ. ಸದ್ದಿಗೆ ಅಧಿಕಾರಿ ಕಿಟಕಿಯಿಂದ ತಲೆ ಹಾಕಿದ.

"ಏಯ್, ಏನೋ ಅದು?"

"ಕುದುರೆ ಸಾಕ್ಷಿ ಹೇಳಾಕ್ ಬಂದದೆ ಸ್ವಾಮಿ. ಬರ್ಕೊಳ್ಳಿ."

ಈ ಸಲ ಯಾರೂ ನಗಲಿಲ್ಲ. ಎರಡು, ಮೂರು. ಗಾಡಿಗಳ ಮೇಲಿದ್ದವರೆಲ್ಲ ಎದ್ದು ನಿಂತು ನೋಡುತ್ತಿದ್ದರು. ಹಿಂದಿನಿಂದ ಮೇಜರ್‌ನ ಬೂಟಿನ ಸದ್ದು ಹತ್ತಿರವಾಯಿತು, ಪಿಸ್ತೂಲಿನ ಕುದುರೆಯನ್ನು ಹಿಂದಕ್ಕೆಳೆದು ಅಣಿಮಾಡಿದ ಸದ್ದೂ ಕೇಳಿಸಿತು.

ನಾನು ತಿರುಗಿ ನೋಡಲಿಲ್ಲ. ನಾಲ್ಕನೆಯ ಮೊಳೆ ಕೊಟ್ಟೆ.