ಹಮ್ಮಾದಿಯ ಹೊಸ್ತಿಲ ಮೇಲಿನ ಟಗರು

ಕೊಡಲಿ ಏಟುಗಳ ಸದ್ದು ನಿಂತ ಮೇಲೆ ಯಮ್ನಾ ಬಾಗಿಲು ತೆರೆದಳು. ಗಾಂಜಾ ಒಣಗಿಸುವ ಚಪ್ಪರ ನೆಲಕಚ್ಚಿತ್ತು. ಕಾವಲು ನಾಯಿ ತೊಲೆಗಳ ನಡುವೆ ಸತ್ತು ಬಿದ್ದಿತ್ತು. ಅದರ ತಲೆಯ ಮೇಲೂ ಕೊಡಲಿ ಆಡಿತ್ತು. ಗಂಡ ಬೂಜ್ಮಾ ಅಂಗಳದಲ್ಲಿ ಕೈಗಳೆರಡನ್ನೂ ತೊಡೆಯಡಿ ಒತ್ತಿಕೊಂಡು ಕೂತಿದ್ದ. ಬಿಟ್ಟರೆ ಅವು ತಾವಾಗಿಯೇ ಎದ್ದುಹೋಗಿ ಯಾರನ್ನೋ ಕೊಂದು ಬರುತ್ತವೇನೋ ಎಂಬಂತಿತ್ತು.

"ಹಮ್ಮಾದಿ ಅಣ್ಣನ ಕಡೆಯವ್ರು," ಎಂದ. "ನಾನು ಒಂದೇಟು ಹೊಡೀಲಿ ಅಂತ ಕಾಯ್ತಿದಾನೆ."

ರಿಫ್ ಬೆಟ್ಟದವರು ಅಜ್ಜಂದಿರ ಕಾಲದಿಂದ ಕದ್ದುಮುಚ್ಚಿ ಬೆಳೆದದ್ದನ್ನು ಸರ್ಕಾರ ಈಗ ಒಪ್ಪಿಕೊಂಡಿತ್ತು. ಗಾಂಜಾದಿಂದ ಔಷಧದ ಎಣ್ಣೆ ತೆಗೆಯಲು ಕಣಿವೆಗೆ ಒಂದೇ ಪರವಾನಗಿ. ಅರ್ಜಿ ಹಾಕಿದವು ಎರಡು ಸಂಘ: ಒಂದಕ್ಕೆ ಬೂಜ್ಮಾ ಮುಖ್ಯಸ್ಥ, ಇನ್ನೊಂದಕ್ಕೆ ಅವನ ದೊಡ್ಡಪ್ಪನ ಮಗ ಹಮ್ಮಾದಿ. ಮುಖ್ಯಸ್ಥನ ಮೇಲೆ ಹೊಡೆದಾಟದ ಕೇಸು ಬಿದ್ದರೆ ಅರ್ಜಿ ಕಸದ ಬುಟ್ಟಿಗೆ.

ಅತ್ತೆ ಫಾದ್ಮಾ ಮನೆಯಲ್ಲಿದ್ದ ಒಂದೇ ಟಗರನ್ನು ಎಳೆದುಕೊಂಡು ಹಮ್ಮಾದಿಯ ಬಾಗಿಲಿಗೆ ಹೋದಳು. ಅದರ ಕೊರಳು ಕೊಯ್ದು ಬಿಸಿರಕ್ತವನ್ನು ಅವನ ಹೊಸ್ತಿಲಿಗೆ ಹರಿಸಿದಳು. ಹಾಗೆ ರಕ್ತ ಬಿದ್ದ ಮನೆಯವನು ಕೇಳಿದ್ದನ್ನು ಕೊಡಲೇಬೇಕು; ಇಲ್ಲದಿದ್ದರೆ ಶಾಪ ಅವನ ಸಂತಾನದ ಮೇಲೆ. ಆ ಮಾಂಸವನ್ನಂತೂ ಆ ಮನೆಯವರು ಮುಟ್ಟುವ ಹಾಗೇ ಇಲ್ಲ.

"ನನ್ನ ಮಗನ್ನ ಅವನ ಪಾಡಿಗೆ ಬಿಡು ಹಮ್ಮಾದಿ. ಇಷ್ಟೇ ಕೇಳೋದು."

ಹಮ್ಮಾದಿ ಹೊರಗೆ ಬಂದು ಟಗರನ್ನೂ ಮುದುಕಿಯನ್ನೂ ನೋಡಿದ. "ಒಳ್ಳೇ ಕೊಬ್ಬಿದೆಯಲ್ಲ ಚಿಕ್ಕಮ್ಮ! ಊಟದ ಹೊತ್ತಿಗೆ ಸರಿಯಾಗಿ ತಂದಿದೀಯ." ಟಗರಿನ ಕಾಲು ಹಿಡಿದು ಒಳಕ್ಕೆ ಎಳೆದುಕೊಂಡ. ಮುದುಕಿ ಅಡ್ಡ ಬಂದಾಗ ಎದೆಗೆ ಕೈಯಿಟ್ಟು ತಳ್ಳಿದ. ಅವಳು ಟಗರಿನ ರಕ್ತದಲ್ಲೇ ಬಿದ್ದಳು.

ಮಧ್ಯಾಹ್ನ ಜೀರಿಗೆ ಹಚ್ಚಿ ಸುಟ್ಟ ಮಾಂಸದ ವಾಸನೆ ಇಡೀ ಊರಿಗೆ ಹರಡಿತು. ಬೂಜ್ಮಾ ಗೋಡೆಗೆ ಹಣೆ ಚಚ್ಚಿಕೊಂಡ. ಯಮ್ನಾ ಒಣಗಿದ ಗಿಡ ಬಡಿದು ಪುಡಿ ಉದುರಿಸುವ ಕೋಲುಗಳನ್ನು ಕೈಗೆತ್ತಿಕೊಂಡಳು.

"ಎಲ್ಲಿಗೆ?"

"ನನ್ನ ಹೆಸರು ಯಾವ ಅರ್ಜಿಲೂ ಇಲ್ಲ. ನೀವು ಕೂತ್ಕೊಳ್ಳಿ."

ಹಮ್ಮಾದಿ ಅಂಗಳದಲ್ಲಿ ಸಂಘದ ಜೊತೆಗಾರರೊಡನೆ ಊಟಕ್ಕೆ ಕೂತಿದ್ದ. ತಿನ್ನುತ್ತಿದ್ದವನು ಅವನೊಬ್ಬನೇ; ಉಳಿದವರು ತಟ್ಟೆ ಮುಟ್ಟದೆ ತಲೆ ತಗ್ಗಿಸಿದ್ದರು. "ಬಾ ತಂಗಿ, ನಿನಗೂ ಒಂದು ತುಂಡು—" ಎನ್ನುವಷ್ಟರಲ್ಲಿ ಮೊದಲ ಏಟು ಬಾಯಿಗೆ ಬಿತ್ತು. ಎದ್ದು ಅವಳ ಕೂದಲು ಹಿಡಿದು ಮುಖಕ್ಕೆ ಗುದ್ದಿದ. ತುಟಿ ಸೀಳಿತು. ಗಿಡ ಬಡಿದು ಬಡಿದು ಪಳಗಿದ ಕೈ ಅವಳದು, ಲಯ ತಪ್ಪಲಿಲ್ಲ. ಮೊಣಕಾಲು, ಪಕ್ಕೆಲುಬು, ಮೊಣಕೈ. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಜೊತೆಗಾರರಲ್ಲಿ ಒಬ್ಬನೂ ಮೇಲೇಳಲಿಲ್ಲ.

ಯಾರೋ ಹೇಳಿಕಳಿಸಿದ್ದಕ್ಕೆ ಪೊಲೀಸಿನವನು ಬಂದ. "ಯಾರು ಹೊಡೆದಿದ್ದು ನಿನಗೆ?"

ಹಮ್ಮಾದಿ ಸುತ್ತ ಕಣ್ಣಾಡಿಸಿದ. ಅಕ್ಕಪಕ್ಕದ ಮಾಳಿಗೆಗಳ ಮೇಲೆಲ್ಲ ಹೆಂಗಸರು ಸಾಲಾಗಿ ನಿಂತಿದ್ದರು. ಹೆಣ್ಣಿನ ಕೈಲಿ ಏಟು ತಿಂದೆ ಎಂದು ಬರೆಸುವುದಕ್ಕಿಂತ ಅವನಿಗೆ ಸಾವೇ ಮೇಲಾಗಿತ್ತು.

"ಹೇಸರಗತ್ತೆ ಒದೀತು."

ಪೊಲೀಸಿನವನು ಯಮ್ನಾಳ ಹರಿದ ತುಟಿ ನೋಡಿದ. "ನಿನಗೇನಾಯ್ತಮ್ಮ?"

"ಅದೇ ಹೇಸರಗತ್ತೆ ಸ್ವಾಮಿ. ಬಲು ಕೆಟ್ಟದ್ದು."

ಕೇಸು ಆಗಲಿಲ್ಲ. ಸಂಜೆಯ ನಮಾಜು ಮುಗಿಸಿ ಹಮ್ಮಾದಿಯ ಜೊತೆಗಾರರೆಲ್ಲ ಬೂಜ್ಮಾನ ಅಂಗಳಕ್ಕೆ ಬಂದರು. ಹೊಸ್ತಿಲ ರಕ್ತದ ಮಾಂಸ ತಿಂದವನ ಜೊತೆ ಒಂದೇ ಕಾಗದದಲ್ಲಿ ಹೆಸರು ಬರೆಸಲು ಅವರಿಗೆ ಧೈರ್ಯವಿರಲಿಲ್ಲ. ಅವರು ಬಿಟ್ಟರೆ ಹಮ್ಮಾದಿಗೆ ಸಂಘವೂ ಇಲ್ಲ, ಅರ್ಜಿಯೂ ಇಲ್ಲ.

"ನಮ್ಮನ್ನ ನಿನ್ನ ಸಂಘಕ್ಕೆ ಸೇರಿಸ್ಕೋ ಬೂಜ್ಮಾ," ಎಂದ ಹಿರಿಯ. ಅವನ ಚಪ್ಪಲಿಗೆ ಇನ್ನೂ ನಾಯಿಯ ರಕ್ತ ಮೆತ್ತಿತ್ತು.

ಬೂಜ್ಮಾ ಹೆಂಡತಿಯ ಕಡೆ ತಿರುಗಿದ.

ಯಮ್ನಾ ತುಟಿಗೆ ಒತ್ತಿಕೊಂಡಿದ್ದ ಬಟ್ಟೆ ತೆಗೆದಳು. "ಮೊದ್ಲು ನಾಯಿನ ಮಣ್ಣು ಮಾಡಿ. ಆಮೇಲೆ ಚಪ್ಪರ ಎಬ್ಬಿಸಿ. ಹೆಸರಿನ ಮಾತು ನಾಳೆ ಆಡೋಣ."

ಅವರು ತೊಲೆಗಳ ಕಡೆ ನಡೆದರು.