ಉಸ್ತಾ ಬರಕಾತ್ ಬಲ್ಲ ಬೆನ್ನುಗಳು

ಉಸ್ತಾ ಬರಕಾತನಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ. ಅವರ ವಾಹನಗಳ ಬೆನ್ನು ಮಾತ್ರ ಜನ್ಮಾಂತರಕ್ಕೂ ಮರೆಯುತ್ತಿರಲಿಲ್ಲ. ಅಲೆಕ್ಸಾಂಡ್ರಿಯಾದ ಗ್ಯಾರೇಜು ಗಲ್ಲಿಯಲ್ಲಿ ಮೂವತ್ತು ವರ್ಷ ಒಡೆದ ಹಿಂದೀಪಗಳ ಚೂರುಗಳನ್ನು ಅಂಟಿಸಿ ಅಂಟಿಸಿ ಈ ಮೇಸ್ತ್ರಿಯ ನಡಿಗೆಯೇ ಬಂಪರಿನ ಎತ್ತರಕ್ಕೆ ಬಾಗಿಹೋಗಿತ್ತು. ಜೇಬಿನ ತುಂಬ ಕೆಂಪು ಚೂರುಗಳು ಕಿಣಿಗುಟ್ಟುವ ಅವನ ಕಂದು ಕೋಟು ಅವನಿಗಿಂತ ಮೊದಲೇ ಬೀದಿಗೆ ಬರುತ್ತಿತ್ತು. ಯಾರಾದರೂ ಸಲಾಂ ಎಂದರೆ "ಸ್ವಲ್ಪ ಇರು" ಎಂದು ಕಾರಿನ ಹಿಂದಕ್ಕೆ ಹೋಗಿ ಬಗ್ಗಿ ನೋಡಿ, ಆಮೇಲೆ "ಓಹೋ, ನೀನಾ!" ಎನ್ನುವನು.

ಇಂಥವನ ಒಬ್ಬಳೇ ಮಗಳು ನಗ್ಲಾಳನ್ನು ಕೇಳಲು, ಒಂದು ಶುಕ್ರವಾರ ಮಧ್ಯಾಹ್ನ, ಔಷಧದಂಗಡಿಯ ವಗ್ದಿ ತನ್ನ ತಾಯಿಯನ್ನೂ ಒಂದು ಡಬ್ಬಿ ಬಸ್ಬೂಸಾ ಸಿಹಿಯನ್ನೂ ಹೊತ್ತು ತಂದ. ಬರಕಾತ್ ವರನ ಮುಖ ನೋಡಿದ, ಏನೂ ಹೊಳೆಯಲಿಲ್ಲ. ಮೂರು ಮಹಡಿ ಇಳಿದು ಅವನ ಕಾರಿನ ಹಿಂಬದಿ ನೋಡಿ ಏದುಸಿರು ಬಿಡುತ್ತ ಹತ್ತಿ ಬಂದ.

"ಎಡದ ದೀಪಕ್ಕೆ ಈ ವರ್ಷ ಮೂರು ಸಲ ನಾನೇ ಅಂಟು ಹಾಕಿದೀನಿ. ಯಾಕಪ್ಪಾ ಹಂಗೆ ಗಕ್ಕನೆ ಬ್ರೇಕ್ ಹಾಕ್ತೀಯ?"

ವಗ್ದಿ ತನ್ನ ದೀಪದಷ್ಟೇ ಕೆಂಪಾದ. "ಕಣ್ಣು ಬಿದ್ದಿದೆ ಉಸ್ತಾ, ಎಲ್ಲಾ ಹಿಂದಿನೋರದ್ದೇ ತಪ್ಪು," ಎಂದಳು ತಾಯಿ.

ಬರಕಾತನಿಗೆ ಗೊಂದಲ. ಪದೇ ಪದೇ ಹಿಂದಿನಿಂದ ಗುದ್ದಿಸಿಕೊಳ್ಳುವವನು ಪಾಪದವನೋ, ಹಿಂದಿರುವವರ ಖಬರೇ ಇಲ್ಲದವನೋ? ಯಾವುದೆಂದು ತಿಳಿಯದೆ ಮಗಳನ್ನು ಕೊಡುವುದು ಹೇಗೆ?

"ಒಂದು ಸುತ್ತು ಓಡಿಸಿ ತೋರಿಸು."

"ಏನ್ರೀ, ಅವನು ಹೆಣ್ಣು ಕೇಳೋಕೆ ಬಂದಿದಾನೋ, ಲೈಸೆನ್ಸ್ ಕೇಳೋಕೋ?" ಹೆಂಡತಿ ಇನ್ಶಿರಾಹ್ ಹಣೆ ಚಚ್ಚಿಕೊಂಡಳು. "ನನ್ನ ಮುಖನಾದ್ರೂ ನೆನಪಿದ್ಯಾ ನಿಮಗೆ?"

ಬರಕಾತ್ ಬೀದಿಯಲ್ಲಿ ನಿಂತ. ಕಾರು ಬೀದಿ ಸುತ್ತಿ ಗಜಗಾಂಭೀರ್ಯದಿಂದ ಬಂತು. ಅವನನ್ನು ದಾಟಿದ್ದೇ ತಡ, ಮುಂದೆ ನರಪಿಳ್ಳೆಯಿಲ್ಲದ ರಸ್ತೆಯಲ್ಲಿ ಕೆಂಪು ದೀಪ ಧಗ್ಗೆಂದಿತು. ಹಿಂದಿದ್ದ ರೊಟ್ಟಿ ಮಾರುವವನ ತ್ರಿಚಕ್ರ ಗಾಡಿ ಟಣ್ಣೆಂದು ಗುದ್ದಿತು.

"ನಿಲ್ಲೋಕೆ ಇದೇನು ನಿಮ್ಮಪ್ಪನ ಅಂಗಳವಾ?" ರೊಟ್ಟಿಯವನು ಕೂಗುತ್ತಿದ್ದಂತೆ ಬರಕಾತ್, ಮೂವತ್ತು ವರ್ಷಗಳಲ್ಲಿ ಮೊದಲ ಸಲ, ತಲೆಯೆತ್ತಿ ನೋಡಿದ. ಮೇಲೆ ತನ್ನದೇ ಮನೆಯ ಬಾಲ್ಕನಿಯಲ್ಲಿ ನಗ್ಲಾ ಒಣಹಾಕಿದ ದುಪ್ಪಟಿಯ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದಳು.

"ಮೂರು ಸಲವೂ ಇಲ್ಲೇನಾ?"

"ಇಲ್ಲೇ, ಉಸ್ತಾ."

ಬೈಯಬೇಕೋ ನಗಬೇಕೋ ತಿಳಿಯದೆ ಬರಕಾತ್ ಮತ್ತೆ ಒಡೆದ ದೀಪದ ಚೂರುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡ. "ಮೇಲೆ ನಡಿ, ಒಪ್ಪಂದದ ಫಾತಿಹಾ ಓದಿಬಿಡೋಣ. ಮದುವೆ ಆದ್ಮೇಲೆ ಅವಳನ್ನ ಪಕ್ಕದಲ್ಲೇ ಕೂರಿಸ್ಕೊಂಡು ಓಡಿಸು. ದೀಪನಾದ್ರೂ ಉಳಿಯುತ್ತೆ."

ಹಿಂದೀಪ ತಿದ್ದುವವರ ಕುಲವೇ ಹೀಗೆ: ಯಾರು ಎಷ್ಟು ಸಲ ನಿಂತರೆಂಬುದು ಅವರಿಗೆ ಕರತಲಾಮಲಕ, ಯಾಕೆ ನಿಂತರೆಂದು ತಿಳಿಯಲು ಮಾತ್ರ ಸ್ವಂತ ಮಗಳು ಬೆಳೆದು ಬಾಲ್ಕನಿಗೆ ಬರುವವರೆಗೂ ಕಾಯಬೇಕು.